ಹಳ್ಳಿಯ ಸಾಲಿ ಯಾರದು?



ಊರ ಗುಡಿ ಯಾರದು ಎಂದು ಕೇಳಿದರೆ ‘ಊರದು’ ಎನ್ನುತ್ತೀರಿ. ಕೆರೆ ಯಾರದು ಎಂದರೂ ‘ಊರದು’ ಎನ್ನುತ್ತೀರಿ. ಸಾಲಿ ಯಾರದು ಎಂದು ಕೇಳಿದರೆ ಮಾತ್ರ ‘ಅದು ಸರಕಾರದ್ದು ಬಿಡ್ರಿ’ ಎಂಬ ಉತ್ತರ ಬರುತ್ತದೆ. ಹೆಂಚು ಒಡೆದರೆ ಸರಕಾರ ನೋಡಲಿ, ಮಾಸ್ತರರು ಕಡಿಮೆಯಾದರೆ ಸರಕಾರ ನೋಡಲಿ, ಮಕ್ಕಳು ಬರದಿದ್ದರೂ ಸರಕಾರವೇ ನೋಡಲಿ ಎನ್ನುತ್ತೇವೆ. ಈ ಮಾತು ಎಷ್ಟರ ಮಟ್ಟಿಗೆ ಸರಿ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಸಣ್ಣ ಹಳ್ಳಿಗಳಿಗೆ ಸಾಲಿ ಹೇಗೆ ಬಂದಿತು, ಅದು ಯಾರ ನೆಲದ ಮೇಲೆ ನಿಂತಿದೆ, ಯಾವುದರಿಂದ ಉಳಿಯುತ್ತದೆ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ನಮ್ಮ ಸೀಮೆಗೆ ಅಕ್ಷರ ಹೊಸದಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅವುಗಳನ್ನು ಕೆತ್ತಿಸಿ ಎರಡು ಸಾವಿರದ ಇನ್ನೂರು ವರ್ಷಗಳ ಮೇಲಾಯಿತು. ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಕಟ್ಟಿದ್ದು. ಅಲ್ಲಿಯೂ ಕಲ್ಲಿನ ಮೇಲೆ ಬರಹವಿದೆ. ಆದರೆ ಆ ಕಲ್ಲುಗಳ ಮಗ್ಗುಲಲ್ಲೇ ಹೊಲ ಉತ್ತ ಒಕ್ಕಲಿಗನಿಗೆ, ದನ ಕಾಯ್ದ ಹುಡುಗನಿಗೆ ಆ ಬರಹ ಓದಲು ಬರುತ್ತಿರಲಿಲ್ಲ. ಅಕ್ಷರ ಗುಡ್ಡದ ಮೇಲಿತ್ತು. ಅದು ಹಳ್ಳಿಗೆ ಇಳಿಯಲು ಬಹಳ ಕಾಲ ಹಿಡಿಯಿತು.

ಮೊದಲು ಬಂದದ್ದು ಗಾವಠಿ ಸಾಲಿ. ಇದನ್ನೇ ಹಿರಿಯರು ಕೂಲಿಮಠ ಎನ್ನುತ್ತಿದ್ದರು. ಗುಡಿಯ ಪೌಳಿಯಲ್ಲೋ, ಮಠದ ಪಡಸಾಲೆಯಲ್ಲೋ, ಗೌಡರ ಕಟ್ಟೆಯ ಮೇಲೋ ಅಯ್ಯನವರು ಕೂತು ಹುಡುಗರಿಗೆ ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ, ಲೆಕ್ಕ, ಪತ್ರ ಓದುವುದು, ಇಷ್ಟೇ ಪಾಠ. ರಾಶಿಯ ಕಾಲಕ್ಕೆ ಮನೆಮನೆಯಿಂದ ಜೋಳವೋ ಸಜ್ಜೆಯೋ ಅಯ್ಯನವರಿಗೆ ಹೋಗುತ್ತಿತ್ತು. ಆಗ ಸಾಲಿ ಊರದೇ ಆಗಿತ್ತು. ಆದರೆ ಆ ಊರು ಎಂದರೆ ಎಲ್ಲರೂ ಅಲ್ಲ. ಹೆಣ್ಣುಮಕ್ಕಳು, ಕೇರಿಯ ಮಕ್ಕಳು ಆ ಪೌಳಿಯ ಹೊರಗೇ ಉಳಿದರು.

ಅಂದು ಈ ಸೀಮೆ ಹೈದರಾಬಾದಿನ ನಿಜಾಮರ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ಕೊಪ್ಪಳ, ಯಲಬುರ್ಗಾ ಭಾಗಗಳು ಸಾಲಾರ್ ಜಂಗರ ಜಹಗೀರಿನಲ್ಲಿದ್ದವು. ಕಚೇರಿಯ ಮಾತು ಉರ್ದು, ಮೇಲಿನ ಓದಿನ ಮಾತೂ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ನಡೆಯುತ್ತಿದ್ದುದೂ ಉರ್ದುವಿನಲ್ಲೇ. ಉರ್ದು ಕೆಟ್ಟ ಭಾಷೆಯಲ್ಲ. ನಮ್ಮ ‘ತಹಸೀಲು’, ‘ಹಾಜರಿ’ ಎಂಬ ಮಾತುಗಳು ಆ ಕಡೆಯಿಂದಲೇ ಬಂದವು. ಆದರೆ ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗನ ಮಗ ತನಗೆ ತಿಳಿಯದ ಭಾಷೆಯಲ್ಲಿ ಮುಂದಿನ ಓದು ಓದಬೇಕಾದರೆ ಎಷ್ಟು ದೂರ ನಡೆದಾನು? ಎರಡು ವರ್ಷ ಸಾಲಿಗೆ ಹೋಗಿ ಮತ್ತೆ ದನದ ಹಿಂದೆಯೇ ಹೋದನು. ಇದನ್ನು ಕಂಡ ಕೆಲವರು ತಾವೇ ಸಾಲಿ ಕಟ್ಟಿದರು. ಕಲಬುರ್ಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ತೆರೆದರು. ನಮ್ಮ ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ನಡೆಯಿತು. ಇವೆಲ್ಲ ಜನರ ಹಣದಿಂದ, ಜನರ ಧಾನ್ಯದಿಂದ ನಡೆದ ಶಾಲೆಗಳು.

1948ರ ಸೆಪ್ಟೆಂಬರ 17ಕ್ಕೆ ನಿಜಾಮರ ಆಳಿಕೆ ಮುಗಿಯಿತು. 1949ರಲ್ಲಿ ಜಹಗೀರುಗಳು ರದ್ದಾದವು. 1956ರ ನವೆಂಬರ 1ಕ್ಕೆ ನಮ್ಮ ಸೀಮೆ ಕನ್ನಡ ರಾಜ್ಯದಲ್ಲಿ ಕೂಡಿತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯದೆ ಬಂದಿತು. ಆ ಕಾಲದಲ್ಲೇ ಸಣ್ಣ ಸಣ್ಣ ಹಳ್ಳಿಗಳಿಗೆ ಒಬ್ಬ ಮಾಸ್ತರರ ಸಾಲಿಗಳು ಬಂದವು. ಒಂದೇ ಕೋಣೆ, ಒಬ್ಬರೇ ಮಾಸ್ತರರು, ನಾಲ್ಕು ಇಯತ್ತೆ. ಒಂದನೆಯ ಇಯತ್ತೆಯವರು ಪಾಟಿಯ ಮೇಲೆ ತಿದ್ದುವಾಗ ನಾಲ್ಕನೆಯವರು ಮಗ್ಗಿ ಒದರಬೇಕು. ಕೋಣೆ ಇಲ್ಲದ ಕಡೆ ಹನುಮಪ್ಪನ ಗುಡಿಯೇ ಸಾಲಿ, ಬೇವಿನ ಗಿಡದ ನೆರಳೇ ಸಾಲಿ. ಮಾಸ್ತರರು ಊರಲ್ಲೇ ಉಳಿದರೆ ಯಾರದೋ ಮನೆಯಿಂದ ರೊಟ್ಟಿ, ಯಾರದೋ ಮನೆಯಿಂದ ಹಾಲು ಹೋಗುತ್ತಿತ್ತು.

ಆಮೇಲೆ ಒಂದೊಂದೇ ಅನುಕೂಲ ಬಂದಿತು. 1987ರಲ್ಲಿ ಸಾಲಿಗೆ ಎರಡು ಕೋಣೆ, ಇಬ್ಬರು ಶಿಕ್ಷಕರು ಇರಬೇಕೆಂಬ ‘ಕಪ್ಪು ಹಲಗೆ’ ಯೋಜನೆ ಬಂತು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಬಂದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆಗ ನಾವು ಅದರಲ್ಲೇ ಇದ್ದೆವು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಇತ್ತೀಚೆಗೆ ಕುಕನೂರು, ಕನಕಗಿರಿ, ಕಾರಟಗಿ ತಾಲ್ಲೂಕುಗಳೂ ಆಗಿ ನಾಲ್ಕು ಇದ್ದದ್ದು ಏಳಾಗಿವೆ. 1995ರಲ್ಲಿ ಸಾಲಿಗೆ ಹೋಗುವ ಮಗುವಿನ ಮನೆಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುವ ಏರ್ಪಾಟು ಬಂತು. 2002ರಲ್ಲಿ ‘ಅಕ್ಷರ ದಾಸೋಹ’ ಎಂಬ ಬಿಸಿಯೂಟ ಮೊದಲು ಶುರುವಾದದ್ದು ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಅವುಗಳಲ್ಲಿ ನಮ್ಮ ಕೊಪ್ಪಳವೂ ಇತ್ತು. 2010ರ ಏಪ್ರಿಲ್ 1ರಿಂದ, 6ರಿಂದ 14 ವರ್ಷದ ಮಗುವಿಗೆ ಓದು ಒಂದು ಹಕ್ಕು ಎಂಬ ಕಾಯದೆ ಜಾರಿಯಲ್ಲಿದೆ. ಒಂದರಿಂದ ಐದನೆಯ ತರಗತಿಯವರೆಗೆ ಸಾಲಿ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕು ಎಂದು ಅದರ ನಿಯಮ.

ಇಷ್ಟೆಲ್ಲ ಕೇಳಿದ ಮೇಲೆ ‘ಹಾಗಾದರೆ ಎಲ್ಲ ಸರಕಾರವೇ ಮಾಡಿತಲ್ಲ’ ಎನ್ನಬಹುದು. ಸಂಬಳ, ಪುಸ್ತಕ, ಊಟ ಸರಕಾರದಿಂದ ಬಂದವು, ನಿಜ. ಆದರೆ ಸಾಲಿ ನಿಲ್ಲುವುದು ನೆಲದ ಮೇಲೆ. ಆ ನೆಲ ಎಷ್ಟೋ ಊರುಗಳಲ್ಲಿ ಒಬ್ಬ ಒಕ್ಕಲಿಗನದು.

ಕೊಪ್ಪಳ ತಾಲ್ಲೂಕಿನ ಕುಣಿಕೇರಿಯ ಮಾತು ಕೇಳಿರಿ. ಅಲ್ಲಿಯ ಹುಚ್ಚಮ್ಮ ಬಸಪ್ಪ ಚೌದ್ರಿಯವರಿಗೆ ಇದ್ದದ್ದು ಎರಡು ಎಕರೆ ಹೊಲ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಕೂಲಿ ಮಾಡಿ ಬದುಕುತ್ತಿದ್ದರು. ಊರ ಸಾಲಿಗೆ ಜಾಗ ಬೇಕಾಯಿತು. ಆ ತಾಯಿ ಒಂದು ಎಕರೆ ಕೊಟ್ಟರು. ಮಕ್ಕಳು ಆಡಲಿಕ್ಕೆ ಬಯಲು ಬೇಕಾದಾಗ ಉಳಿದ ಇನ್ನೊಂದು ಎಕರೆಯನ್ನೂ ಕೊಟ್ಟರು. ಕೊಪ್ಪಳದ ಸುತ್ತ ಕಾರ್ಖಾನೆಗಳು ಬಂದ ಮೇಲೆ ಹೊಲದ ಬೆಲೆ ಎಲ್ಲಿಗೆ ಏರಿತೆಂಬುದು ನಿಮಗೇ ಗೊತ್ತು. ಅವರು ಕೊಟ್ಟದ್ದನ್ನು ತಿರುಗಿ ಕೇಳಲಿಲ್ಲ. ಅದೇ ಸಾಲಿಯಲ್ಲಿ ಬಿಸಿಯೂಟದ ಅಡಿಗೆ ಕೆಲಸಕ್ಕೆ ನಿಂತು ಮಕ್ಕಳಿಗೆ ಅನ್ನ ಬೇಯಿಸಿ ಬಡಿಸಿದರು. 2023ರಲ್ಲಿ ಸರಕಾರ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. ಕುಣಿಕೇರಿಯ ಸಾಲಿ ಯಾರದು ಎಂದು ಈಗ ಕೇಳಿದರೆ ಏನು ಹೇಳೋಣ?

ನಿಮ್ಮ ಊರಿನಲ್ಲಿಯೂ ಅಜ್ಜ-ಮುತ್ತಜ್ಜನ ಕಾಲದಲ್ಲಿ ಯಾರೋ ಸಾಲಿಗೆ ಜಾಗ ಕೊಟ್ಟಿದ್ದಾರು. ಹತ್ತು ಮಂದಿಯ ಎದುರು ‘ಕಟ್ಟಿಕೊಳ್ಳಿರಿ’ ಎಂದು ಬಾಯಿಮಾತಿನಲ್ಲಿ ಕೊಟ್ಟದ್ದು. ಕೊಟ್ಟವರು ದೊಡ್ಡವರು. ಆದರೆ ಕಾಗದ ಆಗಿರುವುದಿಲ್ಲ. ಪಹಣಿಯಲ್ಲಿ ಹಳೆಯ ಹೆಸರೇ ನಡೆದಿರುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಪಾಲು ಆಗುತ್ತದೆ, ಬೆಲೆ ಏರುತ್ತದೆ, ಸಾಲಿಯ ಅಂಗಳಕ್ಕೆ ಬೇಲಿ ಬೀಳುತ್ತದೆ. ಹೊಸ ಕೋಣೆಗೆ ಹಣ ಮಂಜೂರಾದರೂ ಜಾಗದ ಕಾಗದವಿಲ್ಲದೆ ಕೆಲಸ ನಿಲ್ಲುತ್ತದೆ. ಹಾಗಾಗದಂತೆ ಮೂರು ಕೆಲಸ ಮಾಡಿರಿ.

ಒಂದು: ದಾನ ಕೊಟ್ಟ ಜಾಗಕ್ಕೆ ದಾನಪತ್ರ ಆಗಬೇಕು. ಕಾಯದೆಯ ಪ್ರಕಾರ ಸ್ಥಿರಾಸ್ತಿಯ ದಾನ ಬಾಯಿಮಾತಿನಿಂದ ಆಗುವುದಿಲ್ಲ. ಕೊಡುವವರ ಸಹಿ ಅಥವಾ ಹೆಬ್ಬೆಟ್ಟು ಬೇಕು, ಇಬ್ಬರು ಸಾಕ್ಷಿದಾರರು ಬೇಕು, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು.

ಎರಡು: ಹೊಲದ ಒಂದು ತುಂಡು ಮಾತ್ರ ಕೊಡುವುದಾದರೆ ಮೊದಲು ಭೂಮಾಪಕರಿಂದ ಅಳತೆ ಮಾಡಿಸಿ 11-ಇ ನಕ್ಷೆ ತೆಗೆಸಬೇಕು. ಇಲ್ಲದಿದ್ದರೆ ಸಾಲಿಯ ಗಡಿ ಎಲ್ಲಿ, ಹೊಲದ ಗಡಿ ಎಲ್ಲಿ ಎಂಬ ಜಗಳ ಉಳಿದೇ ಉಳಿಯುತ್ತದೆ.

ಮೂರು: ನೋಂದಣಿ ಆದ ಮೇಲೆ ಪಹಣಿಯಲ್ಲಿ, ಊರೊಳಗಿನ ಜಾಗವಾದರೆ ಪಂಚಾಯತಿಯ ಇ-ಸ್ವತ್ತಿನಲ್ಲಿ, ಸಾಲಿಯ ಹೆಸರು ಏರಿದೆಯೇ ಎಂದು ಕಣ್ಣಾರೆ ನೋಡಿರಿ. ಕೊಟ್ಟವರು ಬದುಕಿರುವಾಗಲೇ ಈ ಕೆಲಸ ಮುಗಿಸಿರಿ. ಸಾಲಿಯ ಗೋಡೆಯ ಮೇಲೆ ಅವರ ಹೆಸರನ್ನೂ ಬರೆಯಿಸಿರಿ. ಊರ ಮಕ್ಕಳು ದಿನಾಲು ಓದಲಿ.

ನೆಲದ ಮಾತು ಆಯಿತು. ಇನ್ನು ಮಳೆಯ ಮಾತು. ನಮ್ಮ ಸೀಮೆಯ ಸಾಲಿಯ ಹಾಜರಿ ಪುಸ್ತಕವನ್ನು ಓದಬಲ್ಲವರಿಗೆ ಆ ವರ್ಷದ ಮಳೆ-ಬೆಳೆಯ ಲೆಕ್ಕವೂ ತಿಳಿಯುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಎರಿ ಹೊಲವಿರಲಿ, ಮಸಾರಿ ಹೊಲವಿರಲಿ, ನಂಬಿಕೆ ಮೇಲಿನ ಮಳೆಯ ಮೇಲೆಯೇ. ಜೋಳ, ಸಜ್ಜೆ, ಕಡಲೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರು, ಗೋವೆಯ ಕಡೆ ಗುಳೆ ಹೋಗುತ್ತಾರೆ. ಹಾಜರಿಯಲ್ಲಿ ಸಾಲುಸಾಲಾಗಿ ಗೈರು ಬೀಳುತ್ತದೆ. ಗಂಗಾವತಿ ಕಡೆ ಬೇರೆ ತರಹ. 1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬಂದಿತು, ಹೊರಗಿನ ಒಕ್ಕಲಿಗರು ಬಂದು ಕ್ಯಾಂಪುಗಳಾದವು, ಕೈತುಂಬ ಕೆಲಸ ಬಂದಿತು. ಅಲ್ಲಿ ನಾಟಿಯ ಕಾಲಕ್ಕೆ, ಕೊಯ್ಲಿನ ಕಾಲಕ್ಕೆ ಸಾಲಿ ಬರಿದಾಗುತ್ತದೆ. ಒಂದು ಕಡೆ ನೀರಿಲ್ಲದ್ದಕ್ಕೆ, ಇನ್ನೊಂದು ಕಡೆ ನೀರಿದ್ದುದಕ್ಕೆ; ಎರಡೂ ಕಡೆ ಕೆಲಸ ಕೆಡುವುದು ಮಗುವಿನದೇ.

ಲೆಕ್ಕ ಹಾಕಿ ನೋಡಿರಿ. ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ ಸಾಲಿ ನಡೆಯಬೇಕು. ಸಂಕ್ರಾಂತಿ ಮುಗಿಸಿ ಮಕ್ಕಳನ್ನೂ ಕಟ್ಟಿಕೊಂಡು ಗುಳೆ ಹೋಗಿ ಮಿರಗದ ಮಳೆಗೆ ತಿರುಗಿ ಬಂದರೆ ಏಪ್ರಿಲ್ ಮೊದಲ ವಾರದವರೆಗಿನ ಸುಮಾರು 65-70 ದಿನದ ಪಾಠ ಹೋಯಿತು. ಅಂದರೆ ಮೂರರಲ್ಲಿ ಒಂದು ಪಾಲು. ಮೂರು ಎಕರೆಯಲ್ಲಿ ಒಂದು ಎಕರೆ ಬಿತ್ತದೆ ಬಿಟ್ಟಂತೆ. ಮರುವರ್ಷ ಆ ಮಗು ಮೇಲಿನ ತರಗತಿಯಲ್ಲಿ ಕೂತರೂ ಪಾಠ ತಲೆಗೆ ಹತ್ತುವುದಿಲ್ಲ. ನಾಚಿಕೆಯಾಗಿ ಸಾಲಿ ಬಿಡುತ್ತದೆ. ‘ನಮ್ಮ ಹುಡುಗನಿಗೆ ವಿದ್ಯಾ ಹತ್ತಲಿಲ್ಲ’ ಎಂದು ನಾವು ಹೇಳಿಬಿಡುತ್ತೇವೆ. ಬಿತ್ತದ ಹೊಲದಲ್ಲಿ ಬೆಳೆ ಬರಲಿಲ್ಲ ಎಂದು ಯಾರಾದರೂ ಹೇಳುತ್ತಾರೆಯೆ?

ಹೊಟ್ಟೆಯ ಪಾಡಿಗೆ ಗುಳೆ ಹೋಗಬೇಡಿರಿ ಎಂದು ಹೇಳುವುದು ಸುಲಭ. ಹೋಗಲೇಬೇಕಾದವರು ಏನು ಮಾಡಬೇಕು? ಅಜ್ಜ-ಅಜ್ಜಿ, ಅಣ್ಣ-ತಮ್ಮಂದಿರ ಮನೆಯಲ್ಲಿ ಮಗುವನ್ನು ಬಿಟ್ಟುಹೋಗುವುದಾದರೆ ಅದೇ ಮೇಲು. ಮಧ್ಯಾಹ್ನದ ಊಟ ಸಾಲಿಯಲ್ಲಿದೆ. ಗುಳೆ ಹೋಗುವ ಮನೆಗಳ ಮಕ್ಕಳಿಗೆ ಹಂಗಾಮಿ ವಸತಿಯ ಏರ್ಪಾಟು ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ; ನಿಮ್ಮ ಭಾಗಕ್ಕೆ ಅದನ್ನು ತೆರೆಯಲು ಹತ್ತು ಮನೆಯವರು ಕೂಡಿ, ಹೋಗುವ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿರಿ. ಕೂಸನ್ನು ಕರೆದುಕೊಂಡೇ ಹೋಗಬೇಕಾದರೆ ಹೋದ ಊರಿನ ಸರಕಾರಿ ಸಾಲಿಯಲ್ಲಿ ಸೇರಿಸಿರಿ. ವರ್ಗಾವಣೆ ಪತ್ರ ತಡವಾಯಿತೆಂದು ಅಥವಾ ವಯಸ್ಸಿನ ಪುರಾವೆ ಇಲ್ಲವೆಂದು ಮಗುವನ್ನು ತಿರುಗಿ ಕಳಿಸುವ ಹಾಗಿಲ್ಲ. ಇದು ಕಾಯದೆಯ ಮಾತು. ತಿರುಗಿ ಬಂದ ಮೇಲೆ ಮಗುವಿನ ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂಡಿಸಿಕೊಳ್ಳಬೇಕು, ಹಿಂದೆ ಬಿದ್ದದ್ದನ್ನು ಹೇಳಿಕೊಡಬೇಕು. ಇದೂ ಕಾಯದೆಯ ಮಾತೇ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಮೊಗ್ಗು ಬಿಡಿಸಿ, ಮರುದಿನ ಮುಂಜಾನೆ ಗಂಡು ಹೂವಿನ ಪರಾಗ ಹಚ್ಚುವ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಬೆರಳು ಚಲೋ ಎಂದು ಮಕ್ಕಳನ್ನು ಕರೆಯುತ್ತಾರೆ. ಅದರಲ್ಲೂ ಹೆಣ್ಣುಮಕ್ಕಳನ್ನು. ಈ ಕೆಲಸ ಬರುವುದು ಸಾಲಿ ಭರದಿಂದ ನಡೆಯುವ ತಿಂಗಳುಗಳಲ್ಲೇ. ‘ಒಂದು ವಾರ ಬಿಟ್ಟು ಕಳಸ್ತೀವಿ ಮಾಸ್ತರ’ ಎಂದ ಮನೆಯವರ ಒಂದು ವಾರ ಎರಡು ತಿಂಗಳಾಗುತ್ತದೆ. 2016ರಿಂದ, 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಹಚ್ಚುವುದು ಅಪರಾಧ. ಸಾಲಿ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯ ಹೊಲದಲ್ಲಿ ತಾಯಿ-ತಂದೆಗೆ ಕೈಗೂಡಿಸುವುದಷ್ಟೇ ನಡೆದೀತು. ಬೇರೆಯವರ ಹೊಲಕ್ಕೆ ಕೂಲಿ ಹೋಗುವುದು ನಡೆಯದು.

ಹೆಣ್ಣುಮಕ್ಕಳ ಮಾತು ಬಂದಿತು, ಅದನ್ನೂ ನೋಡೋಣ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ 78 ಮಂದಿ ಓದುಬಲ್ಲವರು, ಹೆಂಗಸರಲ್ಲಿ 57 ಮಂದಿ. ಅದಕ್ಕೂ ಹತ್ತು ವರ್ಷದ ಹಿಂದೆ ಹೆಂಗಸರಲ್ಲಿ ನೂರಕ್ಕೆ 40 ಮಂದಿಯೂ ಇರಲಿಲ್ಲ. ಅಂದಮೇಲೆ ಸಣ್ಣ ಸಾಲಿ ಸುಮ್ಮನೆ ಕೂತಿಲ್ಲ. ಮೈಲುಗಟ್ಟಲೆ ನಡೆದು ಹೋಗುವ ಸಾಲಿಗೆ ಎಷ್ಟು ಮಂದಿ ತಮ್ಮ ಎಂಟು ವರ್ಷದ ಮಗಳನ್ನು ಕಳಿಸುತ್ತಿದ್ದರು? ಮನೆಯ ಮಗ್ಗುಲಲ್ಲೇ ಸಾಲಿ ಇದ್ದುದಕ್ಕೆ ಅವಳು ಹೋದಳು. ಸಾಲಿ ದೂರವಾದರೆ ಮೊದಲು ಮನೆಯಲ್ಲಿ ಉಳಿಯುವವಳು ಅವಳೇ. ಆದ್ದರಿಂದ ಊರ ಸಣ್ಣ ಸಾಲಿ ಉಳಿಯುವುದು ಹೆಣ್ಣುಮಗುವಿಗೆ ಎಲ್ಲರಿಗಿಂತ ಹೆಚ್ಚು ಬೇಕಾದದ್ದು. ಐದನೆಯ ತರಗತಿ ಮುಗಿಸಿದವಳು ಮುಂದೆ ಓದಲು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳೂ ಇವೆ. ಅಲ್ಲಿ ಊಟ, ವಸತಿ ಎರಡೂ ಉಚಿತ.

ಸಾಲಿ ಉಳಿಯುವುದು ಯಾವುದರಿಂದ? ತಲೆ ಎಣಿಕೆಯಿಂದ. ಕಾಯದೆಯಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಕಿರಿಯ ಪ್ರಾಥಮಿಕ ಸಾಲಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ನಿಮ್ಮ ಮಗು ಅರವತ್ತೊಂದನೆಯದಾದರೆ ಅದರ ಹೆಸರಿನ ಮೇಲೆ ಊರಿಗೆ ಒಬ್ಬ ಮಾಸ್ತರರನ್ನು ಕೇಳಬಹುದು. ಮಕ್ಕಳು ಇಳಿದರೆ ಮಾಸ್ತರರು ಇಳಿಯುತ್ತಾರೆ. ಮಾಸ್ತರರು ಇಳಿದರೆ ಉಳ್ಳವರು ತಮ್ಮ ಮಕ್ಕಳನ್ನು ಬಸ್ಸಿನಲ್ಲಿ ಹೊರಗೆ ಕಳಿಸುತ್ತಾರೆ. ಆಗ ಮಕ್ಕಳು ಇನ್ನಷ್ಟು ಇಳಿಯುತ್ತಾರೆ. ಕಡೆಗೆ ‘ಮಕ್ಕಳಿಲ್ಲ, ಮುಚ್ಚಿರಿ’ ಎಂಬ ಮಾತು ಬರುತ್ತದೆ. ಮುಚ್ಚಿದ ದಿನ ತೊಂದರೆಯಾಗುವುದು ಬಸ್ಸಿಗೆ ಹಣವಿಲ್ಲದ ಮನೆಯವರಿಗೆ. ಸಾಲಿ ಚಲೋ ಇಲ್ಲ ಎಂದು ಬಿಟ್ಟು ಹೋಗುವುದಕ್ಕೆ ಮೊದಲು, ಚಲೋ ಮಾಡಲು ಕೇಳಿದೆವೇ ಎಂದು ಊರವರು ತಮ್ಮನ್ನು ತಾವು ಕೇಳಿಕೊಳ್ಳಬೇಕು.

ಕೇಳುವ ಜಾಗವೂ ಇದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನೀವು ಎಸ್.ಡಿ.ಎಂ.ಸಿ. ಎನ್ನುತ್ತೀರಲ್ಲ, ಅದೇ. ಕಾಯದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಾಯಿ-ತಂದೆಯರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಗೌಡರು, ಶ್ಯಾನುಭೋಗರು ಮಾತ್ರ ಕೂಡುವ ಪಂಚಾಯಿತಿ ಅಲ್ಲ ಅದು. ಕೂಲಿ ಮಾಡುವ ತಾಯಿಗೂ ಅಲ್ಲಿ ಸರಿಸಮ ಕುರ್ಚಿ. ಸಾಲಿಗೆ ಏನು ಬೇಕು ಎಂಬ ಯೋಜನೆ ಬರೆಯುವ ಅಧಿಕಾರ ಸಮಿತಿಗಿದೆ. ಬಂದ ಹಣ ಎಷ್ಟು, ಖರ್ಚಾದದ್ದು ಎಷ್ಟು, ಶೌಚಾಲಯಕ್ಕೆ ನೀರಿದೆಯೇ, ಬಿಸಿಯೂಟದ ಬೇಳೆ ಹುಳ ಬಿದ್ದಿದೆಯೇ ಎಂದು ಕೇಳಬಹುದು. ಹೆಬ್ಬೆಟ್ಟು ಒತ್ತಿ ಬರುವ ಮೊದಲು ಬರೆದದ್ದನ್ನು ಓದಿಸಿ ಕೇಳಿರಿ. ಓದುವುದಕ್ಕೆ ನಿಮ್ಮ ಮಗುವನ್ನೇ ಕರೆಯಿರಿ. ಅದು ಕಲಿತದ್ದೂ ಗೊತ್ತಾಗುತ್ತದೆ.

ಕಡೆಯದಾಗಿ ಒಂದು ಸಣ್ಣ ಕೆಲಸ. ಪ್ರತಿ ಸಾಲಿಯಲ್ಲೂ ದಾಖಲಾತಿ ಪುಸ್ತಕ ಎಂಬುದೊಂದು ಇರುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಎಲ್ಲ ಅದರಲ್ಲಿ. ನಾಳೆ ಜಾತಿ ಪ್ರಮಾಣಪತ್ರಕ್ಕೆ, ನೌಕರಿಗೆ, 2013ರಿಂದ ನಮ್ಮ ಭಾಗಕ್ಕೆ ಸಿಕ್ಕ 371-ಜೆ ಮೀಸಲಿಗೆ ಓಡಾಡುವಾಗ ಸಾಲಿಯ ಈ ಬರಹವೇ ಕೈಹಿಡಿಯುತ್ತದೆ. ಆದ್ದರಿಂದ ಸೇರಿಸುವ ದಿನ ಹೆಸರು, ಅಡ್ಡಹೆಸರು, ತಾರೀಖು ಸರಿಯಾಗಿ ಬರೆಯಿಸಿರಿ. ‘ಜೂನ್ ಒಂದು ಹಾಕಿಬಿಡ್ರಿ’ ಎನ್ನಬೇಡಿರಿ.

ಈ ಪುಸ್ತಕವೇ ನಿಮ್ಮ ಊರ ಸಾಲಿಯ ಚರಿತ್ರೆ. ಮೊದಲನೆಯ ಹಾಳೆಯಲ್ಲಿ ಯಾರ ಹೆಸರಿದೆ, ಮೊದಲ ಹೆಣ್ಣುಮಗಳ ಹೆಸರು ಯಾವ ವರ್ಷ ಬಂದಿದೆ, ಕೇರಿಯ ಮೊದಲ ಮಗು ಯಾವಾಗ ಒಳಗೆ ಬಂತು, ಬರಗಾಲದ ವರ್ಷ ಎಷ್ಟು ಮಂದಿ ಬಿಟ್ಟರು, ಎಲ್ಲವೂ ಅಲ್ಲಿದೆ. ಮುಖ್ಯೋಪಾಧ್ಯಾಯರನ್ನು ಕೇಳಿ, ಓದು ಬಲ್ಲ ಹುಡುಗ-ಹುಡುಗಿಯರನ್ನು ಕೂಡಿಸಿ, ಜಾಗ ಕೊಟ್ಟವರು, ಮೊದಲು ಕಲಿಸಿದ ಮಾಸ್ತರರು, ಮೊದಲು ಓದಿದವರು ಇವರ ಹೆಸರನ್ನು ಒಂದು ವಹಿಯಲ್ಲಿ ಬರೆಯಿಸಿ ಇಡಿರಿ. ಹಳಬರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಬರುವ ಸ್ವಾತಂತ್ರ್ಯ ದಿನ ಧ್ವಜ ಏರಿಸಿದ ಮೇಲೆ ಆ ವಹಿಯನ್ನು ಊರ ಎದುರು ಒಂದು ಮಗುವಿನಿಂದ ಓದಿಸಿರಿ. ಆ ದಿನ ಸಾಲಿ ಯಾರದು ಎಂದು ಯಾರೂ ಕೇಳುವುದಿಲ್ಲ.